ಅಟ್ಟದಲ್ಲಿ ಸಿಕ್ಕ ರೇಜರ್

ಅಟ್ಟ ಬಿಚ್ಚಿಸುವ ಮಾತು ಆ ಮನೆಯಲ್ಲಿ ಎರಡು ವರ್ಷದಿಂದ ನಡೆಯುತ್ತಲೇ ಇತ್ತು. ತೊಲೆಗಳಿಗೆ ಗೆದ್ದಲು ಹಿಡಿದಿತ್ತು. ಕಾಯಿಯ ಭಾರಕ್ಕೆ ನಡುಮನೆಯ ಮೇಲಿನ ಹಲಗೆಗಳು ಬಾಗಿ ನಿಂತಿದ್ದವು. ಅರಳಗುಪ್ಪೆಯಲ್ಲಿ ಅರ್ಧ ಊರು ಆಗಲೇ ತೋಟದಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಕೊಬ್ಬರಿ ಕಾಯಿಯನ್ನು ಅಲ್ಲಿಗೆ ಸಾಗಿಸಿತ್ತು. ತಿಮ್ಮರಾಜು ಮಾತ್ರ ತಾಯಿಯ ಮಾತು ಮೀರಲಾರದೆ ಸುಮ್ಮನಿದ್ದ. "ನಾನಿರೋಗಂಟ ಅಟ್ಟ ಇರ್ಲಿ, ಆಮೇಲೆ ಏನಾರ ಮಾಡ್ಕೊಳ್ಳಿ" ಎಂದು ರಾಮಲಕ್ಷ್ಮಮ್ಮ ಪ್ರತಿ ಸಲವೂ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು.

ಅಟ್ಟ ಅವರದೇ ರಾಜ್ಯ. ಸಿಪ್ಪೆ ಸಮೇತ ಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲಿ ಬಿದ್ದಿರಬೇಕು. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಿಟಕ್ಕೆನ್ನಬೇಕು. ಯಾವ ಕಾಯಿ ಆಗಿದೆ, ಯಾವುದು ಇನ್ನೂ ಹಸಿ, ಯಾವುದು ಒಳಗೇ ಕೊಳೆತಿದೆ ಎಂದು ಒಂದೊಂದನ್ನೇ ಕಿವಿಗೆ ಹಿಡಿದು ನೋಡುವವರು ಅವರು. ಎರಡು ದಿನಕ್ಕೊಮ್ಮೆ, ಮಧ್ಯಾಹ್ನದ ಊಟವಾದ ಮೇಲೆ ಏಣಿ ಹತ್ತಿದರೆ ಇಳಿಯುವುದು ಒಂದು ಗಂಟೆ ಬಿಟ್ಟು. ಗಂಡ ರಂಗಪ್ಪ ತೀರಿಕೊಂಡ ಆರು ವರ್ಷದಲ್ಲೂ ಅದು ತಪ್ಪಿರಲಿಲ್ಲ. ಮದುವೆಯಾಗಿ ಬಂದು ಹನ್ನೆರಡು ವರ್ಷವಾದರೂ ಸೊಸೆ ಅನುಪಮಾ ಒಮ್ಮೆಯೂ ಆ ಏಣಿ ಹತ್ತಿರಲಿಲ್ಲ. "ನಿಂಗೆ ತಿಳಿಯಲ್ಲ ಬುಡು" ಎಂದು ಅತ್ತೆ ಮೊದಲ ವರ್ಷವೇ ಹೇಳಿಬಿಟ್ಟಿದ್ದರು.

ಆಷಾಢದ ಒಂದು ಮಧ್ಯಾಹ್ನ ಏಣಿಯ ಎರಡನೇ ಮೆಟ್ಟಿಲಲ್ಲಿ ಅವರ ಕಾಲು ಜಾರಿತು. ಮೊಣಕಾಲು ತರಚಿತು, ಅಷ್ಟೆ. ಅರಿಶಿನ ಹಚ್ಚುತ್ತಾ ಅನುಪಮಾ ಹೇಳಿದಳು: "ಸೊಂಟ ಮುರ್ಕೊಂಡು ಮಲಗಿದ್ರೆ ಯಾರು ನೋಡ್ಕೊಳ್ಳೋದು ಅತ್ತೆ? ಸಾಕು, ಇನ್ನು ಹತ್ಬೇಡಿ."

ಮಾತು ಹೊರಬಿದ್ದ ಕೂಡಲೇ ಅದು ಸರಿಯಾಗಿ ಬರಲಿಲ್ಲ ಅನ್ನಿಸಿತು. ಅಂದದ್ದು ಕಾಳಜಿಯಿಂದ. ಕೇಳಿದವರಿಗೆ ಬೇರೆ ಥರ ಕೇಳಿಸಿರಬಹುದು. ಬಿ.ಎ. ಓದಿದ ಅನುಪಮಾ ಮಾತನ್ನು ಅಕ್ಕಿಯಂತೆ ಆರಿಸಿ ಆಡುವವಳು; ಆಡಿದ ಮೇಲೂ ಕಲ್ಲು ಉಳಿಯಿತೇನೋ ಎಂದು ಹುಡುಕುವವಳು. ಅತ್ತೆ ಸೀರೆ ಇಳಿಬಿಟ್ಟುಕೊಂಡು ಎದ್ದು ಹೋದರು. ಆದರೆ ಪಡಸಾಲೆಯಲ್ಲಿದ್ದ ತಿಮ್ಮರಾಜು ಮಾತನ್ನು ಹಿಡಿದುಕೊಂಡ. "ನೋಡವ್ವ, ನಿನ್ ಸೊಸೇನೂ ಹೇಳ್ತಾವ್ಳೆ" ಎಂದವನು ಮುಂದಿನ ವಾರವೇ ಆಳು ಕರೆಸಿದ.

ಎರಡು ಟ್ರ್ಯಾಕ್ಟರ್ ಕಾಯಿ ತೋಟದ ಶೆಡ್ಡಿಗೆ ಹೋದ ಮೇಲೆ, ಹಲಗೆ ಕೀಳುತ್ತಿದ್ದ ಆಳು ಮೈಲಾರಿ ಮೇಲಿಂದ ಕೂಗಿದ. "ಅಣ್ಣೋ, ಇಲ್ಯಾವ್ದೋ ಬಾಂಬು ಮಡಗವ್ರೆ ನೋಡು!"

ತೊಲೆಯ ಸಂದಿನಲ್ಲಿದ್ದದ್ದು ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ. ಒಳಗೆ ಒಂದು ಚೂರು ಪಟಿಕ, ಅಂಗೈಯಗಲದ ಕನ್ನಡಿ, ಬಟ್ಟೆಯಲ್ಲಿ ಸುತ್ತಿದ ಒಂದು ರೇಜರ್.

ಅಂಥ ರೇಜರನ್ನು ಅಲ್ಲಿದ್ದವರು ಯಾರೂ ನೋಡಿರಲಿಲ್ಲ. ಒಂದು ಗೇಣು ಉದ್ದ. ಹಿಡಿ ಎಲೆಅಡಿಕೆ ಕುಟ್ಟುವ ಹಾರೆಯಷ್ಟು ದಪ್ಪ. ಕೈಯಲ್ಲಿ ಹಿಡಿದರೆ ಅರ್ಧ ಸೇರಿನ ತೂಕ. ಹಿಡಿಯ ತುದಿ ತಿರುಗಿಸಿದರೆ ತಲೆಯ ಮೇಲಿನ ಎರಡು ರೆಕ್ಕೆ ಕಿಟಕಿಯ ಬಾಗಿಲಿನಂತೆ ತೆರೆದುಕೊಳ್ಳುತ್ತಿದ್ದವು. ತಲೆಯೇನೋ ದೊಡ್ಡದು, ಒಳಗೆ ಕೂರುವುದು ಮಾತ್ರ ಮಾಮೂಲಿ ಬ್ಲೇಡೇ. ಕತ್ತಿನ ಕೆಳಗೊಂದು ಬಳೆ, ಬಳೆಯ ಸುತ್ತ ಒಂದರಿಂದ ಒಂಬತ್ತರವರೆಗೆ ಅಂಕಿ. ತಿರುಗಿಸಿದರೆ ಟಿಕ್ ಟಿಕ್ ಎಂದು ಬ್ಲೇಡು ಕೂದಲೆಳೆಯಷ್ಟು ಮೇಲೇಳುತ್ತಿತ್ತು, ಇಳಿಯುತ್ತಿತ್ತು. ಬೆಳ್ಳಿ ಬಣ್ಣ ಸವೆದು ಒಳಗಿನ ಹಿತ್ತಾಳೆ ಕಾಣುತ್ತಿತ್ತು. ತಯಾರಿಸಿದವರ ಹೆಸರಿರಬೇಕಾದ ಜಾಗವನ್ನು ಯಾರೋ ಅರದಿಂದ ಉಜ್ಜಿ ನುಣ್ಣಗೆ ಮಾಡಿದ್ದರು.

"ಅಪ್ಪಂದಾ ಇದು?" ಎಂದ ತಿಮ್ಮರಾಜು.

"ನಿಮ್ಮಪ್ಪ ಯಾವತ್ತು ಮನೇಲಿ ಗಡ್ಡ ಕೆರ್ಕೊಂಡವ್ರೆ? ಊರ ಬಾಗ್ಲಲ್ಲಿ ಕುಂತು ಮಾಡಿಸ್ಕೋತಿದ್ರು" ಎಂದ ಮೈಲಾರಿ.

ಹಿತ್ತಿಲಿನಿಂದ ರಾಮಲಕ್ಷ್ಮಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದರು. ಮಗನ ಕೈಯಲ್ಲಿದ್ದದ್ದನ್ನು ನೋಡಿ ಹೊಸ್ತಿಲಲ್ಲೇ ನಿಂತರು.

"ಅವ್ವ, ಯಾರ್ದಿದು?"

"ನಂಗೇನ್ ಗೊತ್ತು? ಯಾರ್ದೋ ಏನೋ." ಹಾಗೆಂದವರೇ ಕೈ ಚಾಚಿದರು. "ಇಲ್ ಕೊಡು, ಒಲೆ ಹಿಂದೆ ಎಲ್ಲಾರ ಮಡಗಿರ್ತೀನಿ."

"ಒಲೆ ಹಿಂದೆ ಮಡಗೋ ವಸ್ತುವಾ ಇದು! ಇದು ತಾತಂದೇ ಕಣವ್ವ. ಹುಚ್ಚಣ್ಣ ತಾತ ಗಾಡೀಲಿ ಕೊಬ್ರಿ ಹೇರ್ಕೊಂಡು ಅರಸೀಕೆರೆ ಸ್ಟೇಷನ್ನಿಗೆ ಹೋಗ್ತಿರ್ಲಿಲ್ವ? ಯಾವನೋ ಬಿಳಿ ಸಾಹೇಬ ಕೊಟ್ಟಿರ್ಬೇಕು."

ಸಂಜೆಯ ಹೊತ್ತಿಗೆ ಆ ಸಾಹೇಬ ರೈಲ್ವೆ ಎಂಜಿನಿಯರ್ ಆಗಿದ್ದ. ಭಾನುವಾರ ತಿಪಟೂರಿನಿಂದ ತಮ್ಮ ದಯಾನಂದ್ ಬರುವಷ್ಟರಲ್ಲಿ, ತಾತ ಆ ಸಾಹೇಬನನ್ನು ಹೊಳೆಯಲ್ಲಿ ಮುಳುಗುತ್ತಿದ್ದಾಗ ಎಳೆದು ಉಳಿಸಿಯೂ ಆಗಿತ್ತು. ತಿಪಟೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ದಯಾನಂದ್ ರೇಜರನ್ನು ಹತ್ತು ಕಡೆಯಿಂದ ಫೋಟೊ ತೆಗೆದು, "ಇದು ಯಾವ ಕಂಪನೀದು ಅಂತ ಪತ್ತೆ ಮಾಡ್ತೀನಿ" ಎಂದು ಡಬ್ಬಿ ಸಮೇತ ಬ್ಯಾಗಿಗೆ ಹಾಕಿಕೊಂಡು ಹೋದ. ರಾಮಲಕ್ಷ್ಮಮ್ಮ ಬಾಗಿಲವರೆಗೂ ಬಂದು, ಬೈಕು ತಿರುವು ದಾಟುವವರೆಗೂ ನೋಡುತ್ತಾ ನಿಂತಿದ್ದರು. ಮಗನನ್ನು ಕಳಿಸಲು ಅವರು ಹಾಗೆ ಬಾಗಿಲಿಗೆ ಬಂದು ನಿಂತದ್ದನ್ನು ಅನುಪಮಾ ಅದುವರೆಗೆ ಕಂಡಿರಲಿಲ್ಲ.

ಆ ವಾರದಿಂದ ಅತ್ತೆಗೆ ಹಲ್ಲುನೋವು ಶುರುವಾಯಿತು. ಸೆರಗನ್ನು ಗಲ್ಲದ ಸುತ್ತ ಬಿಗಿಯಾಗಿ ಸುತ್ತಿಕೊಂಡು ಓಡಾಡಿದರು. ತಟ್ಟೆಗೆ ಮುದ್ದೆ ಬಿದ್ದ ಕೂಡಲೇ ಎತ್ತಿಕೊಂಡು ಕೊಟ್ಟಿಗೆಗೆ ಹೋಗಿ ಹಸುವಿನ ಬೆನ್ನ ಹಿಂದೆ ಕೂತು ಉಂಡರು.

"ಅಜ್ಜಿ ಯಾಕೆ ದನದ ಜೊತೆ ಊಟ ಮಾಡ್ತಾರೆ?" ಎಂದಳು ಐದನೇ ಕ್ಲಾಸಿನ ಮಗಳು ವರ್ಷಿಣಿ.

"ಹಲ್ಲುನೋವು ಕಣೇ."

"ಹಲ್ಲುನೋವಿದ್ರೆ ಹುರುಳಿಕಾಳು ಹೆಂಗೆ ಅಗೀತಾರೆ?"

ಅನುಪಮಾ ಮಗಳ ತಟ್ಟೆಗೆ ಸಾರು ಬಿಟ್ಟಳು. ಆ ಪ್ರಶ್ನೆ ಅವಳದೂ ಆಗಿತ್ತು. ಡಾಕ್ಟರ ಹತ್ತಿರ ಹೋಗೋಣ ಎಂದರೆ ಅತ್ತೆ ಮುಖ ತಿರುಗಿಸಿ, "ನಂಗ್ಯಾರೂ ನೋಡ್ಕೊಳ್ಳೋದು ಬ್ಯಾಡ" ಎಂದರು. ಅನುಪಮಾಗೆ ಅರಿಶಿನ ಹಚ್ಚಿದ ದಿನ ನೆನಪಾಯಿತು. ಅಂದರೆ ಅದೇ ಮಾತು. ಆರಿಸಿದರೂ ಉಳಿದುಹೋಗಿದ್ದ ಕಲ್ಲು.

ಶ್ರಾವಣದ ಎರಡನೇ ವಾರ ತಿಮ್ಮರಾಜು ಊಟದ ಮಧ್ಯೆ ತಟ್ಟೆ ಬಿಟ್ಟೆದ್ದು ಕೊಟ್ಟಿಗೆಗೆ ನುಗ್ಗಿದ.

"ಏನವ್ವ ನಿನ್ ಆಟ? ಅಟ್ಟ ಬಿಚ್ಚಿದ್ದಕ್ಕೆ ಇಷ್ಟ್ ದಿನ ಮುನಿಸ್ಕೊಳ್ಳೋದಾ?"

"ಯಾರ್ಲಾ ಮುನಿಸ್ಕೊಂಡೋರು? ಉಣ್ಣಕ್ ಬುಡು."

"ಊರೋರು ನೋಡುದ್ರೆ ಏನಂತಾರೆ? ಮಗ ಸೊಸೆ ಸೇರ್ಕೊಂಡು ದನದ್ ಕೊಟ್ಟಿಗೇಲಿ ಇಕ್ತಾವ್ರೆ ಅನ್ನಲ್ವ?"

"ಹಂಗಾದ್ರೆ ಊರೋರಿಗೆ ಕಾಣ್ದಂಗೆ ಇರ್ತೀನಿ. ತೋಟದ್ ಮನೇಲಿ ಇರ್ತೀನಿ. ಶೆಡ್ಡಲ್ಲಿ ಕಾಯಿ ನೋಡೋರೂ ಒಬ್ರು ಬೇಕಲ್ಲ."

"ಅಲ್ಲಿ ಕರೆಂಟೇ ಸರ್ಯಾಗಿರಲ್ಲ. ಹಾವು ಹುಳ ಓಡಾಡೋ ಜಾಗ."

"ಹಾವು ಮೊಕ ನೋಡ್ಕೊಂಡು ಮಾತಾಡ್ಸಲ್ಲ ಬುಡು."

ಮಾರನೇ ದಿನ ಬೆಳಿಗ್ಗೆ ಒಂದು ಚಾಪೆ, ಎರಡು ಸೀರೆ, ಒಂದು ಪಾತ್ರೆ ಎತ್ತಿಕೊಂಡು ಅವರು ನಡೆದೇ ಹೋದರು. ತೋಟದ ಮನೆ ಎಂದರೆ ಪಂಪ್‌ಸೆಟ್ಟಿನ ಪಕ್ಕದ ಒಂದೇ ಕೋಣೆ. ಒಂದು ಬಾಗಿಲು, ಬಾಗಿಲಿಗೆ ಒಳಗಿನಿಂದ ಅಗುಳಿ. ಊರಿನ ಮನೆ ಹಳೆಯ ಕಾಲದ ತೊಟ್ಟಿಮನೆ, ಅಲ್ಲಿ ಒಳಗಿನಿಂದ ಹಾಕಿಕೊಳ್ಳುವ ಬಾಗಿಲೆಂದರೆ ಗಂಡಹೆಂಡಿರ ಕೋಣೆಯದೊಂದೇ. ಬಚ್ಚಲಿಗೂ ಹಳೆಯ ಸೀರೆಯ ಪರದೆ. ಅದೆಲ್ಲ ಅನುಪಮಾಗೆ ಆಗ ಹೊಳೆಯಲಿಲ್ಲ. ಅವಳು ಬೆಳಿಗ್ಗೆ ಸಂಜೆ ಕ್ಯಾರಿಯರ್ ಹಿಡಿದುಕೊಂಡು ತೋಟಕ್ಕೆ ಓಡಾಡಿದಳು. ಬಾಗಿಲು ಒಂದು ಗೇಣು ತೆರೆಯುತ್ತಿತ್ತು, ಕೈ ಬರುತ್ತಿತ್ತು, ಕ್ಯಾರಿಯರ್ ಒಳಗೆ ಹೋಗುತ್ತಿತ್ತು. ದಾರಿಯಲ್ಲಿ ಸಿಕ್ಕವರು, "ಏನ್ ತಾಯಿ, ಅತ್ತೇನ ತೋಟಕ್ಕೆ ಸಾಗ್ಸಿದ್ರಾ?" ಎಂದು ನಗುತ್ತಲೇ ಕೇಳುತ್ತಿದ್ದರು. ಮನೆಗೆ ಬಂದರೆ ದೊಡ್ಡ ಮನೆ ಮತ್ತಷ್ಟು ದೊಡ್ಡದಾಗಿ ಕಾಣುತ್ತಿತ್ತು. ಅಟ್ಟವಿದ್ದ ಜಾಗದಲ್ಲಿ ಹೆಂಚಿನವರೆಗೂ ಬರಿದು.

ಅತ್ತ ತಿಪಟೂರಿನಿಂದ ದಯಾನಂದನ ಫೋನು ದಿನ ಬಿಟ್ಟು ದಿನ ಬರುತ್ತಿತ್ತು. ಹಳೆಯ ರೇಜರ್ ಸಂಗ್ರಹಿಸುವವರ ಗುಂಪೊಂದರಲ್ಲಿ ಫೋಟೊ ಹಾಕಿದ್ದನಂತೆ. ಒಬ್ಬ ಇದು ಅಂಗಡಿಯ ಗಾಜಿನ ಬೀರುವಿನಲ್ಲಿ ತೋರಿಕೆಗೆ ಇಡಲು ಮಾಡಿದ್ದು ಅಂದನಂತೆ. ತೋರಿಕೆಯದಾದರೆ ಅಂಕಿ ಯಾಕೆ ತಿರುಗಬೇಕು ಎಂದು ಇನ್ನೊಬ್ಬನ ವಾದ. ಯುದ್ಧದಲ್ಲಿ ಬೆರಳು ಹೋದ ಸಿಪಾಯಿಗಳಿಗೆಂದು ಮಾಡಿದ್ದಿರಬೇಕು ಎಂದು ಮೂರನೆಯವನು. ಯಾವ ಪಟ್ಟಿಯಲ್ಲೂ ಇಂಥದ್ದಿಲ್ಲ. ಮೈಸೂರಿನಿಂದ ಒಬ್ಬರು ನೋಡಲು ಬರುವವರಿದ್ದಾರೆ.

"ಯಾರಿಗೂ ಕೊಡ್ಬೇಡ ಕಣ್ಲಾ" ಎಂದ ತಿಮ್ಮರಾಜು ಫೋನಿನಲ್ಲಿ. "ಈ ಸಲ ಹಿರಿಯರ ಹಬ್ಬಕ್ಕೆ ತಾತನ ಎಡೇಲಿ ಇಡಾಣ. ಅಪ್ಪಂಗೆ ಬೀಡಿ ಬ್ರಾಂದಿ ಮಡಗ್ತೀವಿ, ತಾತಂಗೆ ಒಂದ್ ವಸ್ತೂನೇ ಇರ್ಲಿಲ್ಲ ಇಷ್ಟ್ ವರ್ಷ."

ಪಿತೃಪಕ್ಷಕ್ಕೆ ಇನ್ನು ಹನ್ನೆರಡು ದಿನ. ಆ ಮನೆಯಲ್ಲಿ ಎಡೆಗೆ ಬಡಿಸುವುದು ಹಿರಿಯ ಹೆಂಗಸು. ಅತ್ತೆ ಬರುತ್ತಾರೋ ಇಲ್ಲವೋ ಎಂದು ಕೇಳಲು ಹೋದ ಅನುಪಮಾಗೆ ಬಾಗಿಲ ಸಂದಿನಿಂದ ಉತ್ತರ ಬಂತು. "ನೀನೇ ಬಡಿಸು. ನಂದು ಮುಗೀತು."

ಮುಗೀತು ಎಂದರೆ ಏನರ್ಥ? ಆ ಮಾತನ್ನೇ ಹೊರಳಿಸುತ್ತಾ ಅನುಪಮಾ ಸಕ್ಕರೆ ತರಲು ಸದಾಶಿವಯ್ಯನ ಅಂಗಡಿಗೆ ಹೋದಳು.

"ನಿಮ್ಮತ್ತೆ ಬರ್ಲೇ ಇಲ್ವಲ್ಲವ್ವ" ಎಂದರು ಸದಾಶಿವಯ್ಯ. "ಬ್ಲೇಡು ಎತ್ತಿಟ್ಟಿದೀನಿ."

"ಯಾವ ಬ್ಲೇಡು?"

"ಅದೇ, ಹೊಲಿಗೆ ಬಿಚ್ಚಕ್ಕೆ ಅಂತ ತಿಂಗ್ಳು ತಿಂಗ್ಳೂ ಒಂದ್ ಪಾಕೀಟು ಒಯ್ತಾರಲ್ಲ. ನಮ್ಮಪ್ಪನ ಕಾಲ್ದಿಂದ್ಲೂ ಒಯ್ತಾವ್ರೆ."

ಅತ್ತೆ ಸೂಜಿಗೆ ದಾರ ಪೋಣಿಸಿದ್ದನ್ನೇ ಅನುಪಮಾ ಕಂಡಿರಲಿಲ್ಲ.

ಆ ಮಧ್ಯಾಹ್ನ ಅವಳು ದಿನಕ್ಕಿಂತ ಮುಂಚೆ ತೋಟಕ್ಕೆ ಹೋದಳು. ಮರಗಳ ನಡುವೆ ಬರುತ್ತಿದ್ದಾಗಲೇ ಅತ್ತೆ ಕಂಡರು. ಪಂಪಿನ ತೊಟ್ಟಿಯ ಮುಂದೆ ಕೂತು ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದರು. ಸೆರಗು ಹೆಗಲಿನಿಂದ ಜಾರಿತ್ತು. ಬಿಸಿಲು ನೇರ ಮುಖದ ಮೇಲೆ ಬಿದ್ದಿತ್ತು. ಗಲ್ಲ, ದವಡೆ, ಮೇಲ್ದುಟಿ, ಎಲ್ಲೆಲ್ಲೂ ಬೆರಳಗಲ ಬೆಳೆದ ಬಿಳಿ ಕೂದಲು. ನೀರು ಅದರ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಅವರು ಎರಡು ಬೆರಳಲ್ಲಿ ಅದನ್ನು ಹಿಡಿದು ಎಳೆದು ನೋಡಿದರು, ಬಿಟ್ಟರು.

ಅನುಪಮಾ ಸದ್ದಿಲ್ಲದೆ ಹತ್ತು ಮರ ಹಿಂದಕ್ಕೆ ನಡೆದಳು. ಅಲ್ಲಿ ನಿಂತು ಜೋರಾಗಿ ಕೆಮ್ಮಿದಳು. ಕೆಮ್ಮುತ್ತಲೇ ಹೆಜ್ಜೆ ಹಾಕಿ ಬಂದಾಗ ಬಾಗಿಲು ಮುಚ್ಚಿತ್ತು.

ರಾತ್ರಿ ಅನ್ನ ಸೇರಲಿಲ್ಲ. ಹನ್ನೆರಡು ವರ್ಷ ಒಂದೇ ಒಲೆಯ ಮುಂದೆ ಕೂತವರು. ಅತ್ತೆಯ ಕಣ್ಣಿನ ಕೆಳಗಿನ ಮಚ್ಚೆ, ಕೋಪ ಬಂದಾಗ ಹುಬ್ಬು ಏರುವ ರೀತಿ, ಎಲ್ಲ ಗಮನಿಸಿದ್ದಳು. ಮನೆಯಲ್ಲಿ ಲೋಟ ಜರುಗಿದರೂ ಗೊತ್ತಾಗುತ್ತದೆ ಎಂದುಕೊಂಡಿದ್ದಳು. ಇದು ಗೊತ್ತಾಗಿರಲಿಲ್ಲ.

ಮಾರನೇ ದಿನ ಅಂಗಡಿಯಿಂದ ಒಂದು ಪ್ಲಾಸ್ಟಿಕ್ ರೇಜರ್ ತಂದು, ಮಾತಿಲ್ಲದೆ, ಕ್ಯಾರಿಯರಿನ ಮೇಲಿನ ಡಬ್ಬಿಯಲ್ಲಿ ಕಾಗದ ಸುತ್ತಿ ಇಟ್ಟಳು. ಬಹಳ ಜಾಣತನದ ಕೆಲಸ ಮಾಡಿದೆ ಅನ್ನಿಸಿತ್ತು. ಅದರ ಮಾರನೇ ದಿನ ಹೋದರೆ ಕ್ಯಾರಿಯರ್ ಹೊರಗೆ ಕಲ್ಲಿನ ಮೇಲಿತ್ತು. ಅನ್ನ ಮುಟ್ಟಿರಲಿಲ್ಲ. ರೇಜರ್ ಬೂದಿಗುಂಡಿಯಲ್ಲಿ ಬಿದ್ದಿತ್ತು, ಬ್ಲೇಡಿನ ಅಂಚಿನಲ್ಲಿ ರಕ್ತ ಒಣಗಿತ್ತು.

"ಅತ್ತೆ."

ಒಳಗೆ ಚಾಪೆ ಸರಿದ ಸದ್ದಾಯಿತು.

"ಅತ್ತೆ, ಕುಯ್ದುಬಿಡ್ತಾ?"

"ಹೋಗು." ಒಳಗಿನ ದನಿ ಬಾಗಿಲಿಗೆ ತೀರಾ ಹತ್ತಿರವಿತ್ತು. "ಕೊಬ್ರಿ ಸುಲ್ದು ಸುಲ್ದು ಬೆರಳು ಮಡಚಕ್ಕಾಗಲ್ಲ ನಂಗೆ. ಆ ಕಡ್ಡೀನ ಹೆಂಗ್ ಹಿಡ್ಕೊಳ್ಲಿ? ನೋಡಿದ್ದಾಯ್ತಲ್ಲ. ಹೋಗು. ನಾಳೆಯಿಂದ ಊಟ ತರ್ಬೇಡ."

ಹಾರೆಯಷ್ಟು ದಪ್ಪದ ಆ ಹಿಡಿಯೇ ಅತ್ತೆಗೆ ಯಾಕೆ ಬೇಕು ಎಂದು ಅನುಪಮಾಗೆ ಆಗ ಅರ್ಥವಾಯಿತು. ಅವಳು ಮನೆಗೆ ಹೋಗಲಿಲ್ಲ. ತೋಟದಿಂದಲೇ ರಸ್ತೆಗೆ ನಡೆದು ತಿಪಟೂರಿನ ಬಸ್ಸು ಹತ್ತಿದಳು.

ಬಸ್ಸಿನಲ್ಲಿ ಮಾತು ಆರಿಸಿದಳು. ಅತ್ತೆಯದು ಎಂದರೆ ಸಂಜೆಗೆ ಊರಿಗೆಲ್ಲ ಗೊತ್ತಾಗುತ್ತದೆ. ಅವರು ಆ ಕೋಣೆಯಿಂದ ಮತ್ತೆ ಹೊರಬರುವುದಿಲ್ಲ. ಸುಮ್ಮನೆ ಕೊಡು ಎಂದರೆ ದಯಾನಂದ್ ಕೊಡುವುದಿಲ್ಲ. ನಾಳಿದ್ದು ಮೈಸೂರಿನವರು ಬರುತ್ತಾರೆ. ಆರಿಸಿ ಆರಿಸಿ ಕೊನೆಗೆ ಉಳಿದದ್ದು ಒಂದೇ ಮಾತು.

ದಯಾನಂದನ ಮನೆಯಲ್ಲಿ ರೇಜರ್ ಟಿವಿಯ ಪಕ್ಕ, ಹಳದಿ ಬಟ್ಟೆಯ ಮೇಲೆ ಕೂತಿತ್ತು. ಅದರ ತಲೆಗೆ ಕುಂಕುಮವನ್ನೂ ಇಟ್ಟಿದ್ದರು.

"ಬಾ ಅಕ್ಕ, ಏನು ಇದ್ದಕ್ಕಿದ್ದಂಗೆ?" ಎಂದಳು ದಯಾನಂದನ ಹೆಂಡತಿ ಆಶಾ.

"ಅದನ್ನ ತಗೊಂಡೋಗಕ್ಕೆ ಬಂದೆ."

"ಹಬ್ಬಕ್ಕೆ ನಾವೇ ತರ್ತೀವಿ ಅತ್ತಿಗೆ" ಎಂದ ದಯಾನಂದ್. "ಮೈಸೂರಿನೋರು ಒಂದ್ಸಲ ನೋಡ್ಲಿ. ತಾತನ ಹೆಸರು ಪುಸ್ತಕದಲ್ಲಿ ಬರುತ್ತೆ ಅಂದವ್ರೆ."

"ಅದು ತಾತಂದಲ್ಲ" ಎಂದಳು ಅನುಪಮಾ. ಬ್ಯಾಗಿನ ಜಿಪ್ಪು ತೆರೆದಳು. "ನಂದು."

"ನಿಮ್ದಾ?"

"ತವರಿಂದ ತಂದಿದ್ದೆ. ಹಂದನಕೆರೇಲಿ ನಮ್ಮನೆ ಅಟ್ಟದಲ್ಲಿತ್ತು. ಮದುವೆಗೆ ಮುಂಚಿಂದ್ಲೂ ನಂಗೆ ಮುಖದ ಮೇಲೆ ಕೂದ್ಲು ಬರುತ್ತೆ. ಹೇಳ್ಕೊಳ್ಳೋಕೆ ನಾಚಿಕೆ ಆಗಿ, ಯಾರೂ ಇಲ್ದಾಗ ಏಣಿ ಹತ್ತಿ ಬಚ್ಚಿಟ್ಟಿದ್ದೆ."

ಮೊದಲು ಆಶಾಳ ತುಟಿ ಅಲುಗಿತು. ಆಮೇಲೆ ದಯಾನಂದ್ ನಗೆ ತಡೆಯಲು ಮೂಗು ಉಜ್ಜಿಕೊಂಡ, ತಡೆಯಲಾಗಲಿಲ್ಲ.

"ಥೂ! ಇದನ್ನ ತಾತನ ಎಡೇಗೆ ಇಡಕ್ ಹೊಂಟಿದ್ವಲ್ಲೇ ಆಶಾ! ನಾನು ದಿನಾ ಕೈಮುಗೀತಿದ್ದೆ!"

"ಸುಮ್ನಿರ್ರೀ" ಎಂದ ಆಶಾಳೂ ಬಾಯಿಗೆ ಕೈ ಅಡ್ಡ ಹಿಡಿದಳು. "ಅಲ್ಲ ಅಕ್ಕ, ಪಾರ್ಲರಿಗೆ ಹೋಗಿ ಥ್ರೆಡ್ಡಿಂಗ್ ಮಾಡಿಸ್ಕೋಬಾರ್ದಾ? ಇಷ್ಟ್ ದೊಡ್ಡ ಮಿಷನ್ ಬೇಕಾ?" ಹಾಗೆನ್ನುತ್ತಲೇ ಅವಳ ಕಣ್ಣು ಅನುಪಮಾಳ ಗಲ್ಲದ ಮೇಲೆ ಹುಡುಕಾಡಿತು.

ಅನುಪಮಾ ಕುಂಕುಮ ಒರೆಸಿ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡಳು. ಕಾಫಿ ಕುಡಿಯದೆ ಹೊರಟಳು. ಬಸ್ ಸ್ಟ್ಯಾಂಡು ತಲುಪುವ ಮೊದಲೇ ತಿಮ್ಮರಾಜುವಿನ ಫೋನು ಬಂತು.

"ದಯಾನಂದ ಹೇಳಿದ್ದು ನಿಜವೇನೇ?"

"ಹೂಂ."

"ಹನ್ನೆರಡು ವರ್ಷದಿಂದ ಒಂದೇ ಮನೇಲಿದೀವಲ್ಲೇ. ನಂಗೂ ಹೇಳ್ಬಾರ್ದು ಅನ್ನಿಸ್ತಾ?"

ಅವನು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ದನಿಯಲ್ಲಿದ್ದದ್ದು ನೋವು. ನಿಜ ತುಟಿಯವರೆಗೂ ಬಂತು. ಬಸ್ಸಿನ ಹಾರ್ನಿನಲ್ಲಿ ಅದನ್ನು ನುಂಗಿ, "ಬಸ್ಸು ಬಂತು, ಇಡ್ತೀನಿ" ಎಂದಳು.

ಮರುದಿನ ಬೆಳಿಗ್ಗೆ ಕಾಫಿ ಕೊಡುವಾಗ ಅವನು ಲೋಟದ ಮೇಲಿಂದ ಅವಳ ಮುಖ ನೋಡಿದ. ನೋಡಿ ಬೇಗ ಕಣ್ಣು ತೆಗೆದ. ಅನುಪಮಾಗೆ ತಾನಾಗಿಯೇ ಕೈ ಗಲ್ಲಕ್ಕೆ ಹೋಯಿತು. ಏನೂ ಇರದ ಗಲ್ಲ.

ತೋಟದ ಮನೆಯ ಬಾಗಿಲು ಬಡಿಯುವ ಮೊದಲು ಅವಳು ದೂರದಲ್ಲೇ ಕೆಮ್ಮಿದಳು. ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು, ಬೆನ್ನು ತಿರುಗಿಸಿ ಕಲ್ಲಿನ ಮೇಲೆ ಕೂತಳು. ಬಾಗಿಲು ತೆರೆಯಿತು. ತಗಡು ನೆಲಕ್ಕೆ ತಾಗಿದ ಸದ್ದು. ಆಮೇಲೆ ಅಂಕಿಯ ಬಳೆ ತಿರುಗಿದ ಸದ್ದು, ಟಿಕ್, ಟಿಕ್.

ಒಳಗಿನಿಂದಲೇ ಅತ್ತೆ ಮಾತಾಡಿದರು. "ನಿಮ್ಮಾವನೂ ಹಿಂಗೇ. ಅಟ್ಟದ ಏಣಿಗೆ ಕಾಲಿಡೋಕೆ ಮುಂಚೆ ಕೆಮ್ಮೋರು."

"ಅವ್ರಿಗೆ ಗೊತ್ತಿತ್ತಾ?"

"ಗೊತ್ತಿತ್ತೋ ಏನೋ. ಅವ್ರು ಕೇಳ್ಲಿಲ್ಲ, ನಾನ್ ಹೇಳ್ಲಿಲ್ಲ." ನೀರು ಚಿಮುಕಿಸಿದ ಸದ್ದಾಯಿತು. "ದಯಾನಂದ ಹುಟ್ಟಿದ್ ಮ್ಯಾಲೆ ಸುರುವಾಯ್ತು. ಮೊದ್ಲು ಬೂದಿ ಹಚ್ಕೊಂಡು ಚಿಮಟದಲ್ಲಿ ಕೀಳ್ತಿದ್ದೆ. ಗುಳ್ಳೆ ಎದ್ದು ಕೀವಾಗದು. ಆಗ ತಲೆಕೂದ್ಲು, ಹಳೆ ಸೀರೆ ತಗಂಡು ಪಾತ್ರೆ ಕೊಡೋಳು ಒಬ್ಳು ಬತ್ತಿದ್ಲು. ಎಲ್ಲಿಯೋಳೋ, ಹೆಸ್ರೂ ಕೇಳ್ಲಿಲ್ಲ ನಾನು. ಒಂದಿನ ಸೀರೆ ಬೆಲೆ ಕಟ್ತಾ ಕಟ್ತಾ ನನ್ ಮೊಕ ನೋಡುದ್ಲು. ಏನೂ ಅನ್ನಲಿಲ್ಲ. ಮುಂದಿನ್ ಸಲ ಬಂದಾಗ ಕುಕ್ಕೆ ತಳದಿಂದ ಇದನ್ನ ತೆಗ್ದು ಮಡ್ಲಿಗೆ ಹಾಕುದ್ಲು. ಯಾವ್ದೋ ದೊಡ್ ಮನೇಲಿ ಒಂದ್ ಕೊಳಗಕ್ಕೆ ಬದ್ಲು ಕೊಟ್ರಂತೆ. ಯಾವೂರು ಅಂದೆ. ಮರ್ತೋಗದೆ ಅಂದ್ಲು."

"ಹೆಸರು ಉಜ್ಜಿರೋದು?"

"ಬಂದಾಗ್ಲೇ ಹಂಗಿತ್ತು. ಸೀರೆ ಕೊಡಕ್ಕೋದ್ರೆ ತಗಳ್ಳಿಲ್ಲ ಅವ್ಳು. ಮೂರಕ್ಕೆ ತಿರುಗಿಸ್ಕೊ, ಅದಕ್ಕಿಂತ ಮ್ಯಾಲೆ ಹೋದ್ರೆ ಕುಯ್ಯುತ್ತೆ ಅಂತ ಹೇಳ್ಕೊಟ್ಟು ಹೋದ್ಲು. ಮತ್ತೆ ಬರ್ಲಿಲ್ಲ." ಒಳಗೆ ಬಳೆ ಮತ್ತೊಮ್ಮೆ ಟಿಕ್ಕೆಂದಿತು. "ಎಷ್ಟೋ ದಿನ ಆದ್ಮೇಲೆ ನಂಗೆ ಹೊಳೀತು. ಮೂರಕ್ಕೆ ಅಂತ ಅವ್ಳಿಗೆ ಹೆಂಗ್ ಗೊತ್ತು? ಯಾವಾಗ್ಲೂ ಬಾಯಿಗೆ ಬಟ್ಟೆ ಕಟ್ಕೊಂಡಿರೋಳು, ಧೂಳು ಧೂಳು ಅಂತ. ತನ್ನದ್ನೇ ನಂಗ್ ಕೊಟ್ಬುಟ್ಲೇನೋ. ಆಮ್ಯಾಕೆ ಏನ್ ಮಾಡುದ್ಲೋ ಪಾಪ. ಮೂವತ್ತೆಂಟು ವರ್ಸ ಆಯ್ತು, ಅದೊಂದು ಕೇಳ್ಬೇಕು ಅನ್ಕೊಂಡೇ ಇದೀನಿ."

ಅನುಪಮಾ ತಾನು ತಿಪಟೂರಿನಲ್ಲಿ ಹೇಳಿದ್ದನ್ನು ಹೇಳಿದಳು. ಒಳಗೆ ರೇಜರನ್ನು ಡಬ್ಬಿಗೆ ಹಾಕಿದ ಸದ್ದಾಯಿತು.

"ದಯಾನಂದ ನಕ್ನಾ?"

"ನಕ್ಕ."

"ಆಶಾ?"

"ಅವ್ಳೂ."

"ತಿಮ್ಮ?"

"ಅವ್ರು ನಗ್ಲಿಲ್ಲ."

"ಹಂಗಾದ್ರೆ ನೀನೂ ಒಂದ್ ಚಾಪೆ ತಗಂಡು ಇಲ್ಲೇ ಬಂದ್ಬುಡು" ಎಂದರು ರಾಮಲಕ್ಷ್ಮಮ್ಮ. ಅದು ತಮಾಷೆಯೋ ಅಳು ಬಂದದ್ದೋ ಬಾಗಿಲಾಚೆಯಿಂದ ತಿಳಿಯಲಿಲ್ಲ.

"ನಾನ್ ಬರಲ್ಲ. ನೀವೇ ಬನ್ನಿ. ಬಚ್ಚಲಿಗೆ ಬಾಗಿಲು ಇಡಿಸ್ತೀನಿ. ಒಳಗಿಂದ ಚಿಲಕ ಹಾಕಿಸ್ತೀನಿ."

"ತಿಮ್ಮ ಯಾಕೆ ಅಂದ್ರೆ?"

"ನಂಗೆ ಬೇಕು ಅಂತೀನಿ. ಈಗ ಅವ್ರು ಕೇಳಲ್ಲ."

ತಿಮ್ಮರಾಜು ಕೇಳಲಿಲ್ಲ. ಮೂರನೇ ದಿನ ಅಟ್ಟದ ಹಲಗೆಯಲ್ಲೇ ಬಾಗಿಲು ಕೂಡಿಸಿದ. ಚಿಲಕ ಹೊಡೆಯುವಾಗ ಮಾತ್ರ, "ಇನ್ನೂ ಏನೇನ್ ಐತೋ ನನ್ಗೆ ಗೊತ್ತಿಲ್ದಿರೋದು" ಎಂದು ಗೋಡೆಗೆ ಹೇಳಿದ. ಅದರ ಮಾರನೇ ದಿನ ರಾಮಲಕ್ಷ್ಮಮ್ಮ ಚಾಪೆ ಸುತ್ತಿಕೊಂಡು ನಡೆದು ಬಂದರು. ಮುಖ ನುಣ್ಣಗಿತ್ತು. ಗಲ್ಲದ ಕೆಳಗೆ ಒಂದು ಗಾಯ ಒಣಗುತ್ತಿತ್ತು. "ಹಲ್ಲುನೋವು ವಾಸಿಯಾಯ್ತಾ ಅಜ್ಜಿ?" ಎಂದಳು ವರ್ಷಿಣಿ. "ಕಿತ್ತಾಕಿದ್ರು ಕಣವ್ವ" ಎಂದರು.

ಹಿರಿಯರ ಹಬ್ಬದ ದಿನ ಎಡೆಗೆ ಅವರೇ ಬಡಿಸಿದರು. ರಂಗಪ್ಪನ ಫೋಟೊದ ಮುಂದೆ ಬೀಡಿ, ಬ್ರಾಂದಿ, ಹೊಸ ಪಂಚೆ; ತಾತನ ಮುಂದೆ ಬರೀ ಎಲೆ. ಪೂಜೆ ಮುಗಿದು ಎಲ್ಲರೂ ನಡುಮನೆಯಲ್ಲಿ ಸಾಲಾಗಿ ಕೂತರು. ಬಡಿಸುತ್ತಿದ್ದವಳು ಅನುಪಮಾ. ಮುದ್ದೆ ಹಾಕಲು ಬಗ್ಗಿದಾಗಲೆಲ್ಲ ಆಶಾಳ ಕಣ್ಣು ಅವಳ ಗಲ್ಲಕ್ಕೆ ಬರುತ್ತಿತ್ತು.

"ತಾತನ ಎಡೆ ಖಾಲಿ ಖಾಲಿ ಕಾಣ್ತದೆ ಅಲ್ವೇನಣ್ಣ?" ಎಂದ ದಯಾನಂದ್. "ಅತ್ತಿಗೆ, ನಿಮ್ ಮಿಷನ್ನ ಒಂದಿನದ ಮಟ್ಟಿಗೆ ಸಾಲ ಕೊಡ್ಬೋದಿತ್ತು."

ಆಶಾ ಕಿಸಕ್ಕೆಂದಳು. ತಿಮ್ಮರಾಜು ತಲೆ ಎತ್ತಲಿಲ್ಲ. ವರ್ಷಿಣಿ ಅಮ್ಮನ ಮುಖವನ್ನೂ ಚಿಕ್ಕಪ್ಪನ ಮುಖವನ್ನೂ ನೋಡಿದಳು.

ರಾಮಲಕ್ಷ್ಮಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲಿಟ್ಟರು. "ದಯಾನಂದ" ಎಂದರು. ಆ ದನಿ ಅನುಪಮಾಗೆ ಹೊಸದು. ಹುಬ್ಬು ಏರಿರಲಿಲ್ಲ. "ಇಲ್ ಕೇಳ್ಲಾ. ಆ ಮಿಷನ್ನು..."

ಮುಂದಿನ ಮಾತು ಏನೆಂದು ಆ ಮನೆಯಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಅನುಪಮಾ ಸೌಟು ಹಿಡಿದುಕೊಂಡು ಎರಡೇ ಹೆಜ್ಜೆಗೆ ಬಂದು ಅತ್ತೆಯ ಮುಂದೆ ಬಗ್ಗಿದಳು. ಅವಳ ಮೈ ಅಡ್ಡವಾಗಿ ದಯಾನಂದನಿಗೆ ತಾಯಿಯ ಮುಖ ಕಾಣದಂತಾಯಿತು.

"ಸಾರು ಹಾಕ್ಲಾ ಅತ್ತೆ?"

ರಾಮಲಕ್ಷ್ಮಮ್ಮ ಅವಳನ್ನೇ ನೋಡಿದರು. ನೀರು ತುಂಬಿದ ಕಣ್ಣು ಸೊಸೆಯ ಮುಖದ ಮೇಲೆ ನಿಧಾನವಾಗಿ ಓಡಾಡಿತು. ಹೊರಗೆ ಎಡೆಯ ಅನ್ನಕ್ಕೆ ಬಂದ ಕಾಗೆಗಳು ಕೂಗುತ್ತಿದ್ದವು.

"ಹಾಕು" ಎಂದರು. "ಇನ್ನೊಂಚೂರು ಹಾಕು. ಬಡಿಸಿದ್ದಾದ್ ಮ್ಯಾಲೆ ನಿನ್ ತಟ್ಟೇನೂ ಇಲ್ಲೇ ತಗಂಬಾ. ನನ್ ಪಕ್ಕದಲ್ಲಿ ಕುಂತ್ಕೊ."